ಮೊದಲ ಕರೆಂಟು

ಟಕ್. ಆಮೇಲೆ ಯಾರೋ ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಮೌನ. ಆಮೇಲೆ ಟಕ್, ಟಕ್.

ಆ ಮಾವಿನ ಸೀಸನ್ನಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ನನ್ನ ಫೋನಿನಲ್ಲಿ ಕೇಳುತ್ತಿದ್ದ ಸದ್ದು ಇದು. ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಿಂದ ಮೆಷಿನ್ ಆಪರೇಟರ್ ಫೋನ್ ಮಾಡುತ್ತಿದ್ದರು. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, "ಗುಡ್ ಮಾರ್ನಿಂಗ್ ಮೇಡಂ, ಹಾಕ್ತಾ ಇದೀನಿ" ಅನ್ನುತ್ತಿದ್ದರು. ಆಗ ಆ ಸದ್ದು. ಒಂದು ನಿಮಿಷದ ಮೇಲೆ, "ಎದ್ದಳು ಮೇಡಂ." ಮೆಷಿನ್ ಅವರಿಗೆ ಯಾವಾಗಲೂ ಹೆಣ್ಣು. ಕೋಲಾರದ ಮನೆಯಲ್ಲಿ ಕಾಫಿ ಲೋಟ ಹಿಡಿದು ಕೂತ ನಾನು ನೋಟ್‌ಬುಕ್ಕಿನಲ್ಲಿ ಒಂದು ಟಿಕ್ ಹಾಕುತ್ತಿದ್ದೆ. ಹಿಯರಿಂಗ್ ಬೇರೆ, ಲಿಸನಿಂಗ್ ಬೇರೆ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿ ಹೇಳಿ ಸೋತಿದ್ದರು. ಅವರು ಸೋತದ್ದು ಸುಳ್ಳಲ್ಲ.

ನರಸಾಪುರದ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿ ಮಾವಿನ ಹಣ್ಣು ವಿಂಗಡಿಸುವ ಮೆಷಿನ್ ಮಾಡಿತ್ತು. ಬೆಲ್ಟಿನ ಮೇಲೆ ಹಣ್ಣು ಉರುಳಿಕೊಂಡು ಬರುತ್ತದೆ, ಕ್ಯಾಮೆರಾ ನೋಡುತ್ತದೆ, ಗಾತ್ರಕ್ಕೂ ಕಲೆಗೂ ತಕ್ಕಂತೆ ಬೇರೆ ಬೇರೆ ಕ್ರೇಟಿಗೆ ತಳ್ಳುತ್ತದೆ. ಅದರೊಳಗಿನ ಬೋರ್ಡಿಗೆ ಒಂದು ಪುಟ್ಟ ಕರ್ನಲ್ ಬೇಕಾಗಿತ್ತು. ಕರ್ನಲ್ ಅಂದರೆ ಮನೆಯ ಹಿರೀ ಸೊಸೆ ಇದ್ದ ಹಾಗೆ. ಕರೆಂಟು ಬಂದಾಗ ಮೊದಲು ಎದ್ದು, ಬಾಗಿಲು ತೆಗೆದು, ಒಲೆ ಹಚ್ಚಿ, ಮಿಕ್ಕ ಪ್ರೋಗ್ರಾಮುಗಳನ್ನು ಎಬ್ಬಿಸುವುದು ಅವಳ ಕೆಲಸ. ಅವಳು ಕಣ್ಣು ಬಿಡುವ ಮೊದಲ ಕ್ಷಣಗಳಿಗೆ, ಪ್ರೊಸೆಸರಿಗೆ ನೇರವಾಗಿ ಒಂದೊಂದೇ ಆಜ್ಞೆ ಕೊಡುವ ಅಸೆಂಬ್ಲಿ ಕೋಡ್ ಬರೆಯಲು ಈಗಿನವರಿಗೆ ತಾಳ್ಮೆ ಇಲ್ಲ ಎಂದು ರಿಟೈರ್ ಆಗಿ ಕೂತಿದ್ದ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಕರೆದರಲ್ಲ ಅನ್ನುವ ಖುಷಿಗೇ ಒಪ್ಪಿಬಿಟ್ಟೆ.

ಪ್ರೊಸೆಸರಿನ ಒಳಗೆ ಕಂಟ್ರೋಲ್ ರಿಜಿಸ್ಟರ್ ಎಂದೊಂದು ಇರುತ್ತದೆ. ಅರವತ್ತನಾಲ್ಕು ಸ್ವಿಚ್ಚುಗಳ ಒಂದು ಸಾಲು ಅಂದುಕೊಳ್ಳಿ. ಒಂದೊಂದು ಸ್ವಿಚ್ಚೂ ಒಂದೊಂದು ಬಿಟ್. ಎಣಿಕೆ ಸೊನ್ನೆಯಿಂದ ಶುರು. ಸೊನ್ನೆಯ ಬಿಟ್ ಹಾಕಿದರೆ ಮೆಮೊರಿಗೆ ಕಾವಲುಗಾರ ಬಂದು ನಿಲ್ಲುತ್ತಾನೆ: ಇಲ್ಲಿ ಓದಬಹುದು, ಇಲ್ಲಿ ಬರೆಯಬಹುದು, ಇಲ್ಲಿಂದ ಆಜ್ಞೆ ನಡೆಸಬಹುದು ಎಂದು ಒಂದೊಂದು ಜಾಗಕ್ಕೂ ಲೆಕ್ಕವಿಟ್ಟು ಕಾಯುವವನು. ಎರಡು ಮತ್ತು ಹನ್ನೆರಡನೆಯ ಬಿಟ್ ಹಾಕಿದರೆ ಕೆಲಸ ಚುರುಕಾಗುತ್ತದೆ. ನನಗೆ ಬೇಕಾಗಿದ್ದದ್ದು ಈ ಮೂರೇ. ಹಾಗಾಗಿ ನನ್ನ ಕೋಡ್ ರಿಜಿಸ್ಟರನ್ನು ಓದುತ್ತಿತ್ತು, ಮೂರು ಬಿಟ್ ಸೇರಿಸುತ್ತಿತ್ತು, ವಾಪಸ್ ಬರೆಯುತ್ತಿತ್ತು. ಉಳಿದ ಅರವತ್ತೊಂದು ಹೇಗಿದ್ದವೋ ಹಾಗೆ. ನನ್ನ ಮಟ್ಟಿಗೆ ಅದು ಮ್ಯಾನರ್ಸ್. ಹಾಸ್ಟೆಲಿನ ಡಾರ್ಮಿಟರಿಯಲ್ಲಿ ಪಕ್ಕದವಳ ಲಾಕರ್ ತೆರೆದೇ ಇದ್ದರೂ ಅತ್ತ ನೋಡಬಾರದು. "ಟಚ್ ಓನ್ಲಿ ವಾಟ್ ಈಸ್ ಯುವರ್ಸ್, ಚೈಲ್ಡ್." ಜೀವಮಾನವಿಡೀ ಬೇರೆಯವರ ಬಿಟ್ ಮುಟ್ಟದೆ ಕೋಡ್ ಬರೆದವಳು ನಾನು.

ಮೊದಲ ಎರಡು ವಾರ ಮೆಷಿನ್ ಚೆನ್ನಾಗಿಯೇ ನಡೆಯಿತು. ಮೂರನೆಯ ವಾರ ಒಂದು ದಿನ ಆಪರೇಟರ್ ಫೋನ್ ಬರಲಿಲ್ಲ, ಮಂಡಿಯ ಗುಮಾಸ್ತರದ್ದು ಬಂತು.

"ಮೇಡಂ, ಭಾಯ್ ಇವತ್ತು ಬಂದಿಲ್ಲ. ಮುಳಬಾಗಿಲಲ್ಲಿ ಮಗಳಿಗೆ ಹೆರಿಗೆ ಆಗೈತಂತೆ. ನಾನೇ ಸ್ವಿಚ್ ಹಾಕ್ದೆ. ಕೆಂಪು ಲೈಟ್ ಬಂದು ಕೂತೈತೆ, ಏಳ್ತಾನೇ ಇಲ್ಲ."

"ಶೀಟ್‌ನಲ್ಲಿರೋ ಹಾಗೆ ಮಾಡಿದ್ರಾ?"

"ಮಾಡ್ದೆ ಮೇಡಂ. ಆಫ್ ಮಾಡಿ ಹತ್ತು ನಿಮಿಷ ಕಾದು ಹಾಕ್ದೆ. ಎರಡು ಸಲ ಮಾಡ್ದೆ."

ಆ ಶೀಟ್ ನನ್ನದೇ. ಮೆಷಿನ್ ಎದ್ದೇಳದಿದ್ದರೆ ಸ್ವಿಚ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಹಾಕಿ ಎಂದು ಕನ್ನಡ, ಇಂಗ್ಲಿಷ್ ಎರಡರಲ್ಲೂ ದೊಡ್ಡಕ್ಷರದಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ, ಪ್ಯಾನೆಲ್ಲಿನ ಮೇಲೆ ನೇತುಹಾಕಿಸಿದ್ದೆ. ಒಳಗಿನ ವಿದ್ಯುತ್ತೆಲ್ಲ ಬರಿದಾಗಿ ಬೋರ್ಡ್ ಹೊಸದಾಗಿ ಏಳಲಿ ಎಂಬ ಉದ್ದೇಶ.

ಕಾರ್ ಮಾಡಿಕೊಂಡು ಹೋದೆ. ಯಲ್ದೂರಿನಿಂದ ಬಂದ ಎರಡು ಲೋಡ್ ಬಿಸಿಲಿನಲ್ಲಿ ನಿಂತಿತ್ತು. ಹಣ್ಣು ಬೆವರುತ್ತಿತ್ತು, ರೈತರೂ ಬೆವರುತ್ತಿದ್ದರು. ಲ್ಯಾಪ್‌ಟಾಪ್ ತೆಗೆದು, ಬೋರ್ಡಿನ ಒಳಗನ್ನು ಇಣುಕಿ ನೋಡುವ ಡಿಬಗರ್ ಕೇಬಲ್ಲನ್ನು ಅದಕ್ಕೆ ಚುಚ್ಚಿದೆ. ಚುಚ್ಚಿದ್ದೇ ತಡ, ಹಸಿರು ಲೈಟ್ ಬಂದು ಬೆಲ್ಟ್ ತಿರುಗಲು ಶುರುವಾಯಿತು.

"ನಿಮ್ಮನ್ನ ಕಂಡ್ರೆ ಹೆದ್ರುತ್ತೆ ಮೇಡಂ," ಅಂದರು ಗುಮಾಸ್ತರು. "ದಿನಾ ಬಂದುಬಿಡಿ."

ಬೋರ್ಡಿನ ಫ್ಲ್ಯಾಶ್ ಮೆಮೊರಿಯ ಲಾಗ್ ನೋಡಿದೆ. ತಪ್ಪೇನೂ ಇಲ್ಲ. ಇರುವುದಾದರೂ ಹೇಗೆ? ಕರ್ನಲ್ ಪೂರ್ತಿ ಎದ್ದ ಮೇಲಷ್ಟೇ ಲಾಗ್ ಬರೆಯುತ್ತದೆ. ಹಾಜರಿ ಕೂಗುವಾಗ ಬಂದವರು ಪ್ರೆಸೆಂಟ್ ಅನ್ನುತ್ತಾರೆ. ಬಾರದವರ ದನಿ ಎಲ್ಲಿಂದ ಬರಬೇಕು?

ಮರುದಿನ ಆಪರೇಟರ್ ಬಂದರು, ಮೆಷಿನ್ ಎದ್ದಿತು. ಅವರು ಮತ್ತೆ ಮುಳಬಾಗಿಲಿಗೆ ಹೋದ ದಿನ ಏಳಲಿಲ್ಲ. ಬಂದರು, ಎದ್ದಿತು. ನೋಟ್‌ಬುಕ್ಕಿನಲ್ಲಿ ಆಪರೇಟರ್ ಬಂದ ದಿನ, ಮೆಷಿನ್ ಎದ್ದ ದಿನ ಎಂದು ಎರಡು ಕಾಲಂ ಹಾಕಿಟ್ಟು ನೋಡುತ್ತಾ ಕೂತರೆ ನನಗೇ ಮೈ ಜುಮ್ಮೆನ್ನುತ್ತಿತ್ತು. ನಾನು ಸೈನ್ಸ್ ಓದಿದವಳು. ಮೆಷಿನ್‌ಗೆ ಮನುಷ್ಯರ ಗುರುತು ಇರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಕಾಲಂ ಹಾಗೇ ಹೇಳುತ್ತಿತ್ತು.

ಏನೇನು ಮಾಡಿದೆನೋ! ಮಾಲೂರಿನಿಂದ ಹೊಸ ಪವರ್ ಸಪ್ಲೈ ತರಿಸಿ ಹಾಕಿದೆ. ತೇವವೋ ಏನೋ ಎಂದು ಪ್ಯಾನೆಲ್ ಒಳಗೆ ಬಲ್ಬ್ ಉರಿಸಿಟ್ಟೆ. ಮೆಮೊರಿಯ ನಕ್ಷೆ ಬರೆಯುವ ಕೋಡನ್ನು ಮೂರು ಸಲ ತಿರುವಿಹಾಕಿದೆ. ಕಂಪನಿಯ ಲ್ಯಾಬಿನಲ್ಲಿದ್ದ ಇನ್ನೊಂದು ಬೋರ್ಡಿನಲ್ಲಿ ಕಂಟ್ರೋಲ್ ರಿಜಿಸ್ಟರನ್ನೇ ಪ್ರಿಂಟ್ ಮಾಡಿಸಿ ನೋಡಿದೆ. ಇಪ್ಪತ್ತು ಸಲ ನೋಡಿದರೂ ಅದೇ ಸಂಖ್ಯೆ, ಸಭ್ಯವಾದ ಸಂಖ್ಯೆ. ಇದರದ್ದೇನೂ ತಪ್ಪಿಲ್ಲ ಎಂದು ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದೆ. ಆ ಗೆರೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಕರೆಂಟಿನ ಏರುಪೇರೇ ಇರಬೇಕೆಂದು ಒಂದು ಯುಪಿಎಸ್ ಕೊಡಿಸಿದೆ. ಮಾರನೆಯ ದಿನ ಆಪರೇಟರ್ ಇದ್ದರು. ಆದರೂ ಮೆಷಿನ್ ಏಳಲಿಲ್ಲ! ಅದರ ಮರುದಿನವೂ ಇಲ್ಲ.

"ಏನ್ಲಾ ಭಾಯ್, ನಿನ್ ಮಂತ್ರ ಖಾಲಿ ಆಯ್ತಾ?" ಎಂದು ಗುಮಾಸ್ತರು ರೇಗಿಸುತ್ತಿದ್ದದ್ದು ಫೋನಿನಲ್ಲಿ ಕೇಳಿಸಿತು.

"ಮಂತ್ರ ಅಲ್ಲಪ್ಪಾ, ಮೇಡಂ ತಂದ ಡಬ್ಬಾ ಬಂದ್ಮೇಲೆ ಅವಳಿಗೆ ಮುನಿಸು," ಅಂದರು ಆಪರೇಟರ್. ದನಿಯಲ್ಲಿ ನಗು ಇರಲಿಲ್ಲ.

ಯುಪಿಎಸ್ ತೆಗೆಸಿದೆ. ಅವರ ಕೈಗೆ ಮತ್ತೆ ಎದ್ದಿತು. ನನ್ನ ತಲೆ ಕೆಟ್ಟುಹೋಯಿತು. ಒಳ್ಳೆಯ ಕರೆಂಟು ಕೊಟ್ಟರೆ ಕೆಡುತ್ತದೆ, ಕೆಟ್ಟ ಕರೆಂಟು ಕೊಟ್ಟರೆ ನಡೆಯುತ್ತದೆ. ಇದು ಯಾವ ನ್ಯಾಯ?

ಆ ವಾರವೇ ಕಂಪನಿಯ ಮ್ಯಾನೇಜರ್ ನನ್ನನ್ನು ನರಸಾಪುರಕ್ಕೆ ಕರೆಸಿದರು. ಒಳ್ಳೆಯ ಮನುಷ್ಯ, ನನಗಿಂತ ಮೂವತ್ತು ವರ್ಷ ಚಿಕ್ಕವರು. ಎದ್ದು ನಿಂತು ಕುರ್ಚಿ ಎಳೆದುಕೊಟ್ಟರು.

"ಮೇಡಂ, ಟು ಬಿ ಫ್ರ್ಯಾಂಕ್, ನಮಗೆ ಅನುಮಾನ ಆ ಆಪರೇಟರ್ ಮೇಲೆ. ಅವನು ಮೊದಲು ಮೋಟರ್ ಮೆಕ್ಯಾನಿಕ್ ಆಗಿದ್ದವನು. ಪ್ಯಾನೆಲ್ ಒಳಗೆ ಏನೋ ಕೈ ಹಾಕಿದ್ದಾನೆ. ತಾನಿಲ್ದೆ ಮೆಷಿನ್ ನಡೀಬಾರ್ದು ಅಂತ."

"ಹಾಗೆ ಯಾಕೆ ಮಾಡ್ತಾರೆ?"

"ಕೆಲಸ ಉಳಿಸಿಕೊಳ್ಳೋಕೆ ಮೇಡಂ. ಮುಂದಿನ ಸೀಸನ್‌ಗೆ ಆಪರೇಟರ್ ಬೇಕಾಗಲ್ಲ ಅಂತ ಯಾರೋ ಅವನ ಕಿವಿಗೆ ಹಾಕಿದ್ದಾರೆ. ಯುಪಿಎಸ್ ಹಾಕಿದ್ರೆ ಸಿಕ್ಕಿಬೀಳ್ತೀನಿ ಅಂತ ಅದನ್ನೂ ಕೆಡಿಸ್ದ. ಶನಿವಾರ ಕಳಿಸಿಬಿಡ್ತೀವಿ. ಟ್ಯಾಂಪರಿಂಗ್ ಅಂತ ನೀವೊಂದು ಟೆಕ್ನಿಕಲ್ ರಿಪೋರ್ಟ್ ಸೈನ್ ಮಾಡಿಕೊಟ್ರೆ ಸಾಕು. ಪೊಲೀಸ್ ಕಂಪ್ಲೇಂಟ್ ಗಿಂಪ್ಲೇಂಟ್ ಏನೂ ಬೇಡ."

ಸುಳ್ಳು ಯಾಕೆ ಹೇಳಲಿ, ಅರ್ಧ ನಂಬಿದೆ. ನನ್ನ ಕಾಲಂಗಳಿಗೆ ಬೇರೆ ಅರ್ಥ ನನಗೂ ಹೊಳೆದಿರಲಿಲ್ಲ. ಕೋಡ್ ಸರಿಯಿದ್ದು ಮನುಷ್ಯ ತಪ್ಪಿದ್ದರೆ ನನಗೆ ಅನುಕೂಲ ಎಂಬ ಕಳ್ಳ ಸಮಾಧಾನವೂ ಒಳಗೆಲ್ಲೋ ಇತ್ತು. ಆದರೆ ಸೈನ್ ಹಾಕಲು ಕೈ ಬರಲಿಲ್ಲ. "ಒಂದು ಸಲ ಕಣ್ಣಾರೆ ನೋಡಿ ಸೈನ್ ಮಾಡ್ತೀನಿ," ಅಂದೆ.

ಅಲ್ಲಿಯವರೆಗೆ ನಾನು ಮಂಡಿ ತಲುಪುತ್ತಿದ್ದದ್ದು ಒಂಬತ್ತರ ಮೇಲೆ. ಅಷ್ಟರಲ್ಲಿ ಸ್ವಿಚ್ ಹಾಕಿಯಾಗಿರುತ್ತಿತ್ತು. ಗುರುವಾರ ಆರು ಗಂಟೆಗೇ ಹೋಗಿ ನಿಂತೆ. ಹೋದ ಮೇಲೆ ಗೊತ್ತಾಯಿತು, ಡಿಬಗರ್ ಕೇಬಲ್ ಮನೆಯಲ್ಲೇ ಮರೆತಿದ್ದೆ. ವಯಸ್ಸು. ಬ್ಯಾಗಿನಲ್ಲಿದ್ದದ್ದು ಒಂದು ಮಾಮೂಲಿ ಸೀರಿಯಲ್ ವೈರ್. ಬೋರ್ಡ್ ಹೇಳಿದ್ದನ್ನು ಕೇಳುವುದಷ್ಟೇ ಅದರ ಕೆಲಸ. ಅದನ್ನೇ ಸಿಕ್ಕಿಸಿದೆ. ನನ್ನ ಕೋಡ್ ಒಂದೊಂದು ಹೆಜ್ಜೆ ಇಟ್ಟಾಗಲೂ ಈ ವೈರಿನಲ್ಲಿ ಒಂದೊಂದು ಅಕ್ಷರ ಕಳಿಸುತ್ತದೆ, ಎ, ಬಿ, ಸಿ ಎಂದು. ಲ್ಯಾಬಿನಲ್ಲಿ ಸೇರಿಸಿದ್ದ, ರಿಜಿಸ್ಟರ್ ಪ್ರಿಂಟ್ ಮಾಡುವ ಸಾಲೂ ಕೋಡಿನಲ್ಲಿ ಹಾಗೇ ಉಳಿದುಕೊಂಡಿತ್ತು.

ಆಪರೇಟರ್ ಬಂದರು. ಐವತ್ತು ದಾಟಿದವರು, ಹೆಗಲ ಮೇಲೆ ಟವೆಲ್. ನನ್ನನ್ನು ಕಂಡು ಸಲಾಂ ಮಾಡಿ, ಗೋಡೆಯ ಮೇಲಿನ ದೊಡ್ಡ ಕಬ್ಬಿಣದ ಸ್ವಿಚ್ಚಿಗೆ ಕೈ ಹಾಕಿದರು.

ಟಕ್. ತುಟಿ ಅಲ್ಲಾಡಿಸದೆ ನಾಲ್ಕು ಎಣಿಸಿದರು. ಟಕ್, ಟಕ್.

ಫೋನಿನಲ್ಲಿ ನೂರು ಸಲ ಕೇಳಿದ ಸದ್ದು ಕೈಕಾಲು ಪಡೆದು ಎದುರಿಗೆ ನಿಂತಿತು. ಶೀಟ್ ನೋಡಿ ಹಾಕುವ ಗುಮಾಸ್ತರು ಒಂದೇ ಸಲ ಹಾಕುತ್ತಿದ್ದರಲ್ಲ ಎಂದು ಆಗ ಹೊಳೆಯಿತು.

"ಭಾಯ್, ಈಗ ಏನು ಮಾಡಿದ್ರಿ?"

"ಹಾಕ್ದೆ ಮೇಡಂ."

"ಹಾಕಿ, ತೆಗೆದು, ತಿರುಗಾ ಹಾಕಿದ್ರಿ."

"ಹೂಂ. ಮೊದಲ ಕರೆಂಟು ಬಿಡಬೇಕಲ್ಲಾ?" ನನಗಿಷ್ಟೂ ಗೊತ್ತಿಲ್ಲವೇ ಎಂಬ ಹಾಗೆ ನೋಡಿದರು. "ಬೈರಕೂರು ಕಡೆ ಇಪ್ಪತ್ತೈದು ವರ್ಷ ಬೋರ್‌ವೆಲ್ ಮೋಟರ್ ಕಾಯಿಲ್ ಸುತ್ತಿದೀನಿ ಮೇಡಂ. ತ್ರೀಫೇಸ್ ಬರುತ್ತಲ್ಲ, ಮೊದ್ಲು ಬರೋ ಕರೆಂಟು ಹರಾಮಿ. ಒಂದು ಫೇಸ್ ಇರುತ್ತೆ, ಒಂದು ಇರಲ್ಲ, ಓಲ್ಟೇಜ್ ಕುಣೀತಿರುತ್ತೆ. ಆಸೆಬುರುಕರು ಅದನ್ನೇ ಹಿಡ್ಕೊಂಡು ಮೋಟರ್ ಸುಟ್ಕೊಂಡು ನನ್ ಹತ್ರ ಬರೋರು. ತಿಳಿದೋರು ಮೊದ್ಲುದನ್ನ ಬಿಟ್ಟು ಎರಡ್ನೇದು ಹಿಡೀತಾರೆ. ಈಗ ಕಣ್ಣು ಮಂಜು, ಕಾಯಿಲ್ ಸುತ್ತೋಕೆ ಆಗಲ್ಲ. ಕೈ ಮಾತ್ರ ಮರೆತಿಲ್ಲ."

"ಮತ್ತೆ ಯುಪಿಎಸ್ ಇದ್ದಾಗ?"

"ಆಗ ಯಾಕೆ ಬೇಕು? ಮೊದ್ಲುದನ್ನ ಆ ಡಬ್ಬಾನೇ ಕುಡಿಯುತ್ತಲ್ಲಾ. ಒಂದೇ ಸಲ ಒತ್ತಿದೆ."

"ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ ನೀವು?"

"ಯಾರು ಕೇಳಿದ್ರು? ನಿಮ್ ಕಾಗದದಲ್ಲಿ ಹತ್ತು ನಿಮಿಷ ಅಂತ ಬರೆದಿತ್ತು. ಓದಿದೋರು ಬರೆದಿದ್ದು, ತಪ್ಪು ಅಂತ ಹೆಂಗೆ ಹೇಳ್ಲಿ?"

ಸದ್ದು ಅರ್ಥವಾಯಿತು, ವಿಷಯ ಆಗಲಿಲ್ಲ. ಮೋಟರಿಗೆ ಮೊದಲ ಕರೆಂಟು ಕೆಟ್ಟದ್ದಿರಬಹುದು. ನನ್ನ ಬೋರ್ಡಿಗೆ ಅದರಿಂದ ಏನಾಗಬೇಕು? ಮೆಷಿನ್ ನಿಲ್ಲಿಸಿ ಹತ್ತು ನಿಮಿಷ ಕಾದು, ಒಂದೇ ಸಲ ಹಾಕಲು ಹೇಳಿದೆ. ಅವರು ಮನಸ್ಸಿಲ್ಲದ ಮನಸ್ಸಿನಿಂದ ಹಾಕಿದರು. ಸ್ಕ್ರೀನಿನ ಮೇಲೆ ಎ, ಬಿ, ಸಿ ಎಂದು ಬಂದು ಕೆ ಅಕ್ಷರಕ್ಕೆ ನಿಂತಿತು. ಎಲ್ ಬರಲೇ ಇಲ್ಲ. ಕೆಂಪು ಲೈಟ್. ಕೆ ಮತ್ತು ಎಲ್ ನಡುವೆ ಇದ್ದದ್ದು ನನ್ನ ಆ ಮೂರು ಸಾಲು: ಓದು, ಸೇರಿಸು, ಬರೆ.

ಪ್ರಿಂಟ್ ಆಗಿದ್ದ ಸಂಖ್ಯೆ ನೋಡಿದೆ. ಲ್ಯಾಬಿನದ್ದಲ್ಲ. ಬೆರಳು ಮಡಚಿ ಎಣಿಸಿದೆ. ಹತ್ತೊಂಬತ್ತನೆಯ ಬಿಟ್ ಒಂದಾಗಿತ್ತು.

"ಈಗ ನಿಮ್ಮ ಹಾಗೆ ಮಾಡಿ."

ಟಕ್, ಟಕ್. ಹತ್ತೊಂಬತ್ತನೆಯದು ಸೊನ್ನೆ. ಕೆ ಆದ ಮೇಲೆ ಎಲ್ ಬಂತು, ಎಂ ಬಂತು, ಹಸಿರು ಲೈಟ್ ಬಂತು.

ಮನೆಗೆ ಬಂದು ಪ್ರೊಸೆಸರ್ ಚಿಪ್‌ನ ಕೈಪಿಡಿ ತೆರೆದೆ. ಹತ್ತೊಂಬತ್ತನೆಯ ಬಿಟ್ ಹಾಕಿದ್ದರೆ ಕಾವಲುಗಾರ ಒಂದು ಹೆಚ್ಚಿನ ನಿಯಮ ಪಾಲಿಸುತ್ತಾನೆ: ಎಲ್ಲಿ ಬರೆಯಲು ಅನುಮತಿ ಇದೆಯೋ ಅಲ್ಲಿಂದ ಯಾವ ಆಜ್ಞೆಯನ್ನೂ ನಡೆಸಬಾರದು. ಏಳುವ ಹೊತ್ತಿನಲ್ಲಿ ನನ್ನ ಕೋಡ್ ಕೂತಿದ್ದ ಜಾಗಕ್ಕೆ ನಾನು ಎರಡೂ ಅನುಮತಿ ಕೊಟ್ಟಿದ್ದೆ. ಹಾಗಾಗಿ ಕಾವಲುಗಾರನನ್ನು ಕರೆದು ನಿಲ್ಲಿಸಿದ ಮರುಕ್ಷಣ ಅವನು ನನ್ನನ್ನೇ ಹಿಡಿದು ನಿಲ್ಲಿಸುತ್ತಿದ್ದ. ಆ ಬಿಟ್‌ನ ಆರಂಭದ ಬೆಲೆ ಏನು ಎಂಬ ಕಾಲಂನಲ್ಲಿ ಒಂದೇ ಪದ, ಎಲ್ಲವೂ ಕ್ಯಾಪಿಟಲ್ ಅಕ್ಷರದಲ್ಲಿ: ಅನ್‌ನೋನ್. ಯಾರಿಗೂ ತಿಳಿಯದು. ಕರೆಂಟು ಬಂದಾಗ ಹೇಗೆ ಬಿದ್ದರೆ ಹಾಗೆ. ಮಂಡಿಯ ಬೋರ್ಡಿನಲ್ಲಿ ಅದು ಒಂದಾಗಿಯೇ ಬೀಳುತ್ತಿತ್ತು.

ಹಾಗಾದರೆ ಎರಡನೆಯ ಸಲ ಮಾತ್ರ ಯಾಕೆ ಸರಿ? ಮಧ್ಯಾಹ್ನವೆಲ್ಲ ಹುಡುಕಿದ ಮೇಲೆ ಅದೂ ಸಿಕ್ಕಿತು. ಕರ್ನಲ್ಲಿಗಿಂತ ಮುಂಚೆ ಎದ್ದು, ಅದನ್ನು ಎಬ್ಬಿಸಿ ಮರೆಯಾಗುವ ಲೋಡರ್ ಎಂಬ ಪುಟ್ಟ ಪ್ರೋಗ್ರಾಮ್ ಇರುತ್ತದೆ. ಚಿಪ್ ಮಾಡಿದವರೇ ಕೊಟ್ಟದ್ದು. ಅದು ಎದ್ದಾಗಲೆಲ್ಲ ಮೆಮೊರಿಯ ಮೂಲೆಯಲ್ಲಿ ಒಂದು ಗುರುತು ಹಾಕುತ್ತದೆ. ಹತ್ತು ನಿಮಿಷ ಕರೆಂಟು ಇಲ್ಲದಿದ್ದರೆ ಗುರುತು ಅಳಿಯುತ್ತದೆ. ಆಗ ಲೋಡರ್ ಹೊಸ ದಿನ ಎಂದುಕೊಂಡು ಹತ್ತಿರದ ದಾರಿ ಹಿಡಿದು, ಏನನ್ನೂ ಮುಟ್ಟದೆ ನನ್ನ ಕರ್ನಲ್ಲಿಗೆ ಜಿಗಿಯುತ್ತದೆ. ಕ್ಷಣಮಾತ್ರ ಆಫ್ ಆಗಿ ಆನ್ ಆದರೆ ಗುರುತು ಉಳಿದಿರುತ್ತದೆ. ಆಗ ಏನೋ ಎಡವಟ್ಟಾಗಿದೆ ಎಂದು ಸುತ್ತು ದಾರಿ ಹಿಡಿದು, ಎಲ್ಲವನ್ನೂ ಗುಡಿಸಿ, ಕಂಟ್ರೋಲ್ ರಿಜಿಸ್ಟರನ್ನೂ ಸರಿಮಾಡಿ ಬರುತ್ತದೆ. ನನ್ನ ಡಿಬಗರ್ ಕೇಬಲ್ ಚುಚ್ಚಿದಾಗ ಬೋರ್ಡ್ ತಾನಾಗಿಯೇ ಹಾಗೆ ರಿಸೆಟ್ ಆಗುತ್ತಿತ್ತು. ಲ್ಯಾಬಿನಲ್ಲಿ ಆ ಕೇಬಲ್ ಯಾವಾಗಲೂ ಚುಚ್ಚಿಯೇ ಇತ್ತು. ಇಪ್ಪತ್ತು ಸಲವೂ ನಾನು ನೋಡಿದ್ದು ಗುಡಿಸಿಟ್ಟ ಮನೆಯನ್ನೇ.

ಶೀಟಿನ ಮಾತು ಕೇಳಿದ ಗುಮಾಸ್ತರಿಗೆ ಕೆಂಪು ಲೈಟ್. ಕೇಳದ ಆಪರೇಟರಿಗೆ ಹಸಿರು ಲೈಟ್, ಜೊತೆಗೆ ಕಳ್ಳ ಎಂಬ ಹೆಸರು.

ಶುಕ್ರವಾರ ಗ್ರಾಫ್ ಹಾಳೆ ತೆಗೆದು ಅರವತ್ತನಾಲ್ಕು ಚೌಕ ಎಳೆದೆ. ಇನ್ನು ಓದುವುದೂ ಬೇಡ, ಸೇರಿಸುವುದೂ ಬೇಡ. ಇಡೀ ರಿಜಿಸ್ಟರನ್ನು ನಾನೇ ಒಂದೇ ಸಲಕ್ಕೆ ಬರೆಯಬೇಕು. ಹೇಳುವುದು ಸುಲಭ. ಹಾಗೆ ಬರೆದರೆ ಅರವತ್ತನಾಲ್ಕಕ್ಕೂ ನಾನೇ ಹೊಣೆ. ಕೆಲವನ್ನು ಸೊನ್ನೆ ಇಡು ಅನ್ನುತ್ತದೆ ಕೈಪಿಡಿ, ಕೆಲವನ್ನು ಒಂದು ಇಡಲೇಬೇಕು ಅನ್ನುತ್ತದೆ, ಯಾಕೆಂದು ಹೇಳುವುದಿಲ್ಲ. ಪೆನ್ಸಿಲ್ಲಿನಲ್ಲಿ ಒಂದೊಂದೇ ಚೌಕ ತುಂಬುವಾಗ, ಬೇರೆಯವರ ಲಾಕರುಗಳನ್ನು ಒಂದೊಂದಾಗಿ ತೆರೆಯುತ್ತಿರುವ ಹಾಗೆ ಅನಿಸುತ್ತಿತ್ತು. ಎರಡು ಕಡೆ ತಪ್ಪು ತುಂಬಿ ಅಳಿಸಿದೆ. ಸಂಜೆಯ ಹೊತ್ತಿಗೆ ಒಂದು ಸಂಖ್ಯೆ ಬಂತು. ಮೂರು ಸಾಲಿನ ಜಾಗದಲ್ಲಿ ಎರಡು ಸಾಲು: ಸಂಖ್ಯೆ ತೆಗೆದುಕೋ, ಬರೆ.

ಮ್ಯಾನೇಜರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಓಕೆ ಮೇಡಂ. ಸಾಫ್ಟ್‌ವೇರ್ ಅಪ್‌ಡೇಟ್ ಅಂತ ಹಾಕಿಬಿಡೋಣ. ಯಾರ ತಪ್ಪು ಅಂತೆಲ್ಲ ಬರೆಯೋದು ಯಾಕೆ? ನಿಮ್ಮ ಹೆಸರಿಗೂ ಚೆಂದ ಅಲ್ಲ."

"ಶನಿವಾರ ಅವರನ್ನ ಕಳಿಸ್ತೀವಿ ಅಂದಿದ್ರಲ್ಲ?"

"ಇಲ್ಲ ಇಲ್ಲ, ಈ ಸೀಸನ್ ಇರಲಿ ಬಿಡಿ."

ಆದರೂ ರಿಪೋರ್ಟ್ ಬರೆದೆ. ಪ್ಯಾನೆಲ್ಲಿನಲ್ಲಿ ಯಾರೂ ಕೈ ಹಾಕಿಲ್ಲ, ಕಂಟ್ರೋಲ್ ರಿಜಿಸ್ಟರನ್ನು ಪೂರ್ತಿ ಬರೆಯದೆ ಬಿಟ್ಟದ್ದು ನನ್ನ ತಪ್ಪು, ದೋಷದ ಸುಳಿವು ಸಿಕ್ಕಿದ್ದು ಆಪರೇಟರ್ ಅವರ ಅಭ್ಯಾಸದಿಂದ ಎಂದು ಮೂರು ವಾಕ್ಯ. ಸೈನ್ ಮಾಡುವಾಗ ಈ ಸಲ ಕೈ ತಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ಹೊಸ ಕೋಡ್ ತುಂಬಿ ಮಂಡಿಯಲ್ಲಿ ನಿಂತೆ. ರಾತ್ರಿಯೆಲ್ಲ ಆಫ್ ಆಗಿದ್ದ ಮೆಷಿನ್. "ಒಂದೇ ಸಲ ಹಾಕಿ ಭಾಯ್," ಅಂದೆ.

"ಮೊದಲ ಕರೆಂಟೇ?"

"ಮೊದಲ ಕರೆಂಟೇ."

ಟಕ್. ಅಕ್ಷರಗಳು ಸಾಲಾಗಿ ಬಂದವು. ಕೆ ಆಯಿತು, ಎಲ್ ಆಯಿತು. ಹಸಿರು ಲೈಟ್ ಬಂತು. ಅಷ್ಟರಲ್ಲೇ ಅವರ ಕೈ ಸ್ವಿಚ್ ಇಳಿಸಲು ಹೋಗಿತ್ತು. "ಬೇಡ, ತೆಗೀಬೇಡಿ!" ಎಂದು ಕೂಗಿದೆ. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಆಮೇಲೆ ಟವೆಲ್ಲಿಗೆ ಒರೆಸಿಕೊಂಡರು, ಅದರಲ್ಲಿ ಒರೆಸಲು ಏನೂ ಇಲ್ಲದಿದ್ದರೂ.

"ಹಂಗಾದ್ರೆ ಇನ್ಮೇಲೆ ಇವಳನ್ನ ಯಾರು ಬೇಕಾದ್ರೂ ಎಬ್ಬಿಸ್ಬೋದು," ಅಂದರು.

"ಹೌದು ಭಾಯ್."

"ಒಳ್ಳೇದೇ ಆಯ್ತು ಬಿಡಿ." ಬೆಲ್ಟಿನ ಮೇಲೆ ಮೊದಲ ಹಣ್ಣು ಉರುಳುವುದನ್ನು ನೋಡುತ್ತಾ ನಿಂತರು. "ಮಗಳಿಗೆ ಹೆಣ್ಣುಮಗು ಮೇಡಂ. ಹೇಳೋಕೆ ಮರೆತೆ."

ಅವರ ಮೇಲಿನ ಕಳಂಕ ತೊಳೆದೆ ಎಂದುಕೊಂಡೇ ನಾನು ಅಲ್ಲಿಗೆ ಹೋಗಿದ್ದೆ. ಅದರ ಜೊತೆಗೆ ಇನ್ನೇನು ತೊಳೆದುಹೋಯಿತು ಎಂಬುದು, ಯಾರು ಬೇಕಾದರೂ ಎಬ್ಬಿಸಬಹುದು ಎಂಬ ಅವರ ಮಾತು ಕೇಳಿದಾಗ ಹೊಳೆಯಿತೋ, ಕಾರಿನಲ್ಲಿ ಕೂತ ಮೇಲೋ, ಈಗ ಸರಿಯಾಗಿ ಹೇಳಲಾರೆ. ಮುಂದಿನ ಸೀಸನ್ನಿಗೆ ಮೆಷಿನ್ ಹಾಕುವ ಕೆಲಸ ಗುಮಾಸ್ತರದ್ದೇ ಆಯಿತು ಎಂದು ಫೋನಿನಲ್ಲಿ ತಿಳಿಯಿತು. ನನಗೆ ಬೆಳಗಿನ ಫೋನ್ ಬರುವುದೂ ನಿಂತಿತು.

ಆ ಸೋಮವಾರ ಹೊರಡುವ ಮುಂಚೆ, ಪ್ಯಾನೆಲ್ಲಿನ ಮೇಲಿನ ನನ್ನ ಶೀಟನ್ನು ಕಿತ್ತು ಎಸೆದುಬಿಡಿ ಎಂದು ಆಪರೇಟರಿಗೆ ಹೇಳಿದ್ದೆ. ಕಾರ್ ತಿರುಗಿಸುವಾಗ ಹಿಂದಿರುಗಿ ನೋಡಿದೆ. ನಾನು ಅವರನ್ನು ಕಂಡದ್ದು ಅದೇ ಕೊನೆ. ಮೆಷಿನ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಅವರು ಪಕ್ಕದಲ್ಲಿ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು, ನನ್ನ ಲ್ಯಾಮಿನೇಟ್ ಶೀಟಿನಲ್ಲಿ ನಿಧಾನವಾಗಿ ಗಾಳಿ ಬೀಸಿಕೊಳ್ಳುತ್ತಿದ್ದರು.